ತೋಟದ ಎಟಿವಿಗೆ ಮನೆಯಲ್ಲೇ ಪಾಲಿಶ್: ಮಳೆಗೂ ಮೈಲುತುತ್ತಿಗೂ ತಡೆಯುವ ಹಾಗೆ

ಎಟಿವಿಯನ್ನು, ಅಂದರೆ ಗುಡ್ಡ ತೋಟದಲ್ಲಿ ಓಡುವ ದಪ್ಪ ಟಯರಿನ ನಾಲ್ಕು ಚಕ್ರದ ಗಾಡಿಯನ್ನು, ಹೊಳೆಯುವ ಹಾಗೆ ಮಾಡುವುದು ದೊಡ್ಡ ಸಂಗತಿ ಏನಲ್ಲ. ಆ ಹೊಳಪು ಒಂದು ಮಳೆಗಾಲ ದಾಟಬೇಕಲ್ಲ, ಕಷ್ಟ ಇರುವುದು ಅಲ್ಲಿ. ಅದೂ ನಮ್ಮ ಕಾಸರಗೋಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ಮಳೆಗಾಲ. ಯೂಟ್ಯೂಬಿನಲ್ಲಿ ಫಳಫಳ ಹೊಳೆಯುವ ಗಾಡಿಗಳು ಒಣ ಮರಳಿನಲ್ಲಿ ಓಡಿ ಸಂಜೆ ಶೆಡ್ಡಿಗೆ ಹೋಗುವಂಥವು. ನಮ್ಮದಕ್ಕೆ ಬೆಳಿಗ್ಗೆ ಗೊಬ್ಬರ, ಮಧ್ಯಾಹ್ನ ಅಡಿಕೆ ಗೋಣಿ, ಆಟಿ ತಿಂಗಳಲ್ಲಿ (ಜುಲೈ-ಆಗಸ್ಟಿನ ಜಡಿಮಳೆಯಲ್ಲಿ) ಅಡಿಕೆಗೆ ಬಿಡುವ ಮದ್ದಿನ ಡ್ರಮ್ಮು.

ನಮ್ಮ ಮನೆಗೆ ಈ ಗಾಡಿ ಬಂದದ್ದು ಭಾವನ ಹುಚ್ಚಿನಿಂದ. ಸೆಕೆಂಡ್ ಹ್ಯಾಂಡ್. ರಸ್ತೆಗೆ ನೋಂದಣಿ ಇಲ್ಲ, ತೋಟದಿಂದ ಗುಡ್ಡಕ್ಕೆ, ಗುಡ್ಡದಿಂದ ಅಂಗಳಕ್ಕೆ, ಅಷ್ಟೇ ಅದರ ಲೋಕ. ಮೊದಲ ವರ್ಷವೇ ಎಂಜಿನ್ನಿನ ಬದಿಯ ಅಲ್ಯೂಮಿನಿಯಂ ಮುಚ್ಚಳದ ಮೇಲೆ ಕಜ್ಜಿ ಎದ್ದ ಹಾಗೆ ಬಿಳಿ ಬಿಳಿ ಗುಳ್ಳೆ. ಮಳೆ ಅಂದುಕೊಂಡೆವು. ನೋಡಿದರೆ ಮದ್ದಿನ ಮೈಲುತುತ್ತು, ಅಂದರೆ ತಾಮ್ರದ ಸಲ್ಫೇಟ್.

ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ಮದ್ದು ಮಾಡುವವರಿಗೆಲ್ಲ ಗೊತ್ತು. 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ, 100 ಲೀಟರ್ ನೀರು. ಹದ ಬಂತೋ ಅಂತ ನೋಡಲು ಕಬ್ಬಿಣದ ಚೂರಿ ಅದ್ದುತ್ತೇವೆ, ಚೂರಿಗೆ ತಾಮ್ರದ ಬಣ್ಣ ಹಿಡಿದರೆ ಸುಣ್ಣ ಸಾಲದು ಅಂತ ಲೆಕ್ಕ. ಆ ಚೂರಿಗೆ ಆದದ್ದೇ ಗಾಡಿಯ ಬೋಲ್ಟಿಗೂ ಆಗುತ್ತದೆ. ಕಬ್ಬಿಣ ಸ್ವಲ್ಪ ಕರಗಿ ಆ ಜಾಗದಲ್ಲಿ ತಾಮ್ರ ಕೂರುತ್ತದೆ. ಅಲ್ಯೂಮಿನಿಯಂ ಮೇಲೆ ತಾಮ್ರದ ಸಣ್ಣ ಕಣ ಕೂತು, ಸುತ್ತ ನೀರಿನ ಪಸೆಯೂ ಇದ್ದರೆ ಮುಗಿಯಿತು, ಅಲ್ಯೂಮಿನಿಯಂ ತಿಂದು ಹೋಗಿ ಗುಂಡಿ ಬೀಳುತ್ತದೆ. ಸುಣ್ಣ ಸರಿಯಾದ ಮದ್ದಾದರೆ ತೊಂದರೆ ಇಲ್ಲ ಅಂತಲೂ ಇಲ್ಲ. ಸುಣ್ಣಕ್ಕೂ ಅಲ್ಯೂಮಿನಿಯಂಗೂ ಆಗಿಬರುವುದಿಲ್ಲ, ಕಲೆ ಬೀಳುತ್ತದೆ.

ಹಾಗಾಗಿ ಇಲ್ಲಿ ಪಾಲಿಶ್ ಅಂದರೆ ಅಂದ ಮಾಡುವುದು ಆಮೇಲಿನ ಮಾತು. ಮೊದಲು ಲೋಹಕ್ಕೆ ಒಂದು ಅಂಗಿ ತೊಡಿಸಬೇಕು.

ಯಾವ ತಿಂಗಳು

ಡಿಸೆಂಬರಿನಿಂದ ಫೆಬ್ರವರಿ. ಇದರಲ್ಲಿ ಚೌಕಾಸಿ ಬೇಡ. ತೀರಾ ತಡವಾದರೂ ಮೇ ಕೊನೆಗೆ ಬರುವ ಪತ್ತನಾಜೆಯ ಒಳಗೆ ಮುಗಿಸಿಬಿಡಿ. ಒಮ್ಮೆ ನಾನು ಆಟಿಯಲ್ಲಿ ಎರಡು ದಿನ ಬಿಸಿಲು ಬಂತು ಅಂತ ಹಿಗ್ಗಿ ಹಿಂದಿನ ಕ್ಯಾರಿಯರಿಗೆ ಕಪ್ಪು ಸ್ಪ್ರೇ ಹೊಡೆದೆ. ಸಂಜೆ ನೋಡಿದರೆ ಹಲಗೆಯ ಮೇಲೆ ಸೀಮೆಸುಣ್ಣ ಒರೆಸಿದ ಬಣ್ಣ. ಬಣ್ಣದ ಥಿನ್ನರ್ ಆರುವಾಗ ಮೇಲ್ಮೈ ತಣ್ಣಗಾಗುತ್ತದೆ, ಗಾಳಿಯ ತೇವ ಅಲ್ಲೇ ಇಬ್ಬನಿಯಾಗಿ ಬಣ್ಣದೊಳಗೆ ಸೇರುತ್ತದೆ. ಅದಕ್ಕೇ ಬೂದು. ಪೂರ್ತಿ ಕೆರೆದು ಮತ್ತೆ ಮಾಡಬೇಕಾಯಿತು.

ಚಳಿಗಾಲದಲ್ಲೂ ಬೆಳಿಗ್ಗೆ 10ರ ಮೊದಲು ಸ್ಪ್ರೇ ಹಿಡಿಯಬೇಡಿ, ಮಂಜು ಆರಲಿ. ಅಡಿಕೆ ಒಣಗಿಸುವ ಪ್ಲಾಸ್ಟಿಕ್ ಮಾಡು ಇದ್ದರೆ ಬಣ್ಣ ಆರಿಸಲು ಅದಕ್ಕಿಂತ ಒಳ್ಳೆಯ ಜಾಗ ಇಲ್ಲ. ಅಡಿಕೆ ಗುಡಿಸಿದ ದಿನ ಮಾತ್ರ ಬೇಡ, ಧೂಳೆಲ್ಲ ಬಣ್ಣದ ಮೇಲೆ.

ತೊಳೆಯುವುದು, ಬಿಚ್ಚುವುದು

ಕೆಂಪು ಮಣ್ಣು ಒಣಗಿ ಕೂತರೆ ಅದೇ ಒಂದು ಮರಳು ಕಾಗದ. ಒಣ ಬಟ್ಟೆಯಲ್ಲಿ ಒರೆಸಲು ಹೋದರೆ ಗೀರು ಗ್ಯಾರಂಟಿ. ಮೊದಲು ಚೆನ್ನಾಗಿ ನೆನೆಸಿ. ಸುರಂಗ (ಗುಡ್ಡಕ್ಕೆ ಅಡ್ಡಲಾಗಿ ಕೊರೆದ ನೀರಿನ ಮಾಟೆ) ಇರುವ ಮನೆಯವರಿಗೆ ಸುಖ, ನೀರು ತಾನಾಗಿ ಇಳಿದು ಬರುತ್ತದೆ, ಪೈಪು ಹಾಕಿ ಅರ್ಧ ಗಂಟೆ ಬಿಟ್ಟರಾಯಿತು. ಪ್ರೆಶರ್ ವಾಷರ್ ಇದ್ದರೆ ಬೇರಿಂಗ್, ವೈರಿನ ಕನೆಕ್ಟರ್, ರೇಡಿಯೇಟರ್ ಈ ಮೂರಕ್ಕೆ ಹತ್ತಿರದಿಂದ ಹೊಡೆಯಬೇಡಿ. ಬೇರಿಂಗಿನ ಗ್ರೀಸ್ ಹೋಗುತ್ತದೆ, ರೇಡಿಯೇಟರಿನ ತೆಳು ಎಲೆಗಳು ಮಡಚಿಕೊಳ್ಳುತ್ತವೆ. ರೇಡಿಯೇಟರಿಗೆ ಫ್ಯಾನ್ ಇರುವ ಹಿಂಬದಿಯಿಂದ ಮೆಲ್ಲಗೆ ನೀರು ಬಿಡಿ, ಮಣ್ಣು ಬಂದ ದಾರಿಯಲ್ಲೇ ಹೊರಗೆ ಹೋಗಲಿ.

ಬಿಚ್ಚುವ ಮೊದಲು ಬ್ಯಾಟರಿಯ ಮೈನಸ್ ವೈರ್ ತೆಗೆಯಿರಿ, ಆಮೇಲೆ ಪ್ಲಸ್. ಜೋಡಿಸುವಾಗ ತಿರುಗಿಸಿ, ಪ್ಲಸ್ ಮೊದಲು. ಪ್ರತಿ ಭಾಗ ಬಿಚ್ಚುವ ಮೊದಲು ಮೊಬೈಲಿನಲ್ಲಿ ಒಂದು ಫೋಟೋ. ಬೋಲ್ಟುಗಳಿಗೆ ನಾನು ಮೊಟ್ಟೆಯ ಟ್ರೇ ಇಡುತ್ತೇನೆ, ಒಂದೊಂದು ಗುಳಿಗೆ ಒಂದೊಂದು ಜಾಗದ ಬೋಲ್ಟ್. ಡಬ್ಬಿಗೆ ಒಟ್ಟಿಗೆ ಸುರಿದರೆ ಆಮೇಲೆ ಯಾವ ಉದ್ದದ್ದು ಎಲ್ಲಿಗೆ ಅಂತ ಗೊತ್ತಾಗದೆ ತಲೆ ಕೆಡುತ್ತದೆ. ಎಂಜಿನ್ ಆಯಿಲ್ ನಿಂತಿರುವ ಕವರನ್ನು ಸುಮ್ನೆ ಪಾಲಿಶ್‌ಗೋಸ್ಕರ ಬಿಚ್ಚಬೇಡಿ. ಗ್ಯಾಸ್ಕೆಟ್ ಹರಿದರೆ ಕೆಲಸ ಎರಡಾಗುತ್ತದೆ. ಅಂಚಿಗೆ ಮಾಸ್ಕಿಂಗ್ ಟೇಪ್ ಹಾಕಿ ಅಲ್ಲೇ ಉಜ್ಜಿ.

ಅಲ್ಯೂಮಿನಿಯಂ ಕನ್ನಡಿ ಆಗುವುದು ಹೇಗೆ

ಮೊದಲು ನನ್ನ ಪೆದ್ದುತನ. ಮನೆಯಲ್ಲಿ ಹಿತ್ತಾಳೆ ದೀಪ ತಿಕ್ಕಲು ಹುಣಸೆಹುಳಿ ಇರುತ್ತದಲ್ಲ, ಬಿಂಬುಳಿಯೂ ಇತ್ತು. ದೀಪ ಹೊಳೆದರೆ ಇದೂ ಹೊಳೆಯಬೇಕು ಅಂತ ಎಂಜಿನ್ ಕವರಿಗೆ ಹಚ್ಚಿ ಊಟಕ್ಕೆ ಹೋದೆ. ಬಂದು ನೋಡಿದರೆ ಕವರು ಮಂಕಾಗಿ ಬೂದಿ ಮೆತ್ತಿದ ಹಾಗೆ. ಅಮ್ಮ ಚಾವಡಿಯಿಂದಲೇ ನೋಡಿ, "ಹುಳಿ ಹಾಕಿದ್ದನ್ನು ಅಲ್ಯೂಮಿನಿಯಂ ಪಾತ್ರೆಯಲ್ಲಿ ಇಡಬಾರದು ಅಂತ ಎಷ್ಟು ಸಲ ಹೇಳಿದ್ದೇನೆ ಮಗಾ" ಅಂದರು. ಸರಿಯಾದ ಮಾತು. ಹುಳಿ ಹಿತ್ತಾಳೆಗೆ, ಅಲ್ಯೂಮಿನಿಯಂಗೆ ಅಲ್ಲ. ಕಾಸ್ಟಿಕ್ ಸೋಡಾ ಅಂತೂ ಇನ್ನೂ ಕೆಟ್ಟದ್ದು, ಬುರುಬುರು ಅಂತ ಹೈಡ್ರೋಜನ್ ಬಿಟ್ಟುಕೊಂಡು ಲೋಹವನ್ನೇ ತಿನ್ನುತ್ತದೆ.

ಬೇಕಾದದ್ದು ವಾಟರ್ ಪೇಪರ್. ಕಾಸರಗೋಡಿನ ಹಾರ್ಡ್‌ವೇರ್ ಅಂಗಡಿಯಲ್ಲಿ ಕನ್ನಡ, ತುಳು, ಮಲಯಾಳ ಯಾವುದರಲ್ಲಿ ಮಾತು ಶುರು ಮಾಡಿದರೂ ವಾಟರ್ ಪೇಪರ್ ಅಂದರೆ ಅದೇ ಬರುತ್ತದೆ. 320, 400, 600, 800, 1000, 1500, 2000, ಎರಡೆರಡು ತನ್ನಿ. ಒರಟು ಎರಕದ ಕವರಾದರೆ 220ರಿಂದ ಶುರು. ಬಕೆಟ್ ನೀರಿಗೆ ಎರಡು ತೊಟ್ಟು ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ, ಪೇಪರನ್ನು ಹತ್ತು ನಿಮಿಷ ನೆನೆಸಿ.

ಈಗ ಗುಟ್ಟು. 320ರಲ್ಲಿ ಎಡಬಲ ಉಜ್ಜಿದರೆ 400ರಲ್ಲಿ ಮೇಲೆ ಕೆಳಗೆ ಉಜ್ಜಬೇಕು. 600ಕ್ಕೆ ಮತ್ತೆ ಎಡಬಲ. ಹೀಗೆ ಅಡ್ಡ ಉಜ್ಜಿದರೆ ಹಿಂದಿನ ಪೇಪರಿನ ಗೀರು ಉಳಿದಿದೆಯೋ ಹೋಯಿತೋ ಕಣ್ಣಿಗೆ ಕಾಣುತ್ತದೆ. ಒಂದೇ ಒಂದು ಗೀರು ಉಳಿದಿದ್ದರೂ ಮುಂದಿನ ನಂಬರಿಗೆ ಹೋಗಬೇಡಿ. 400ರ ಗೀರನ್ನು 1500ರಲ್ಲಿ ತೆಗೆಯಲು ಹೋದರೆ ಸಂಜೆ ಆಗುತ್ತದೆ, ಗೀರು ಅಲ್ಲೇ ಇರುತ್ತದೆ. ಉಜ್ಜಿದ ನೀರು ಕಾಡಿಗೆಯ ಹಾಗೆ ಕಪ್ಪಾಗಿ ಮೊಣಕೈ ತನಕ ಇಳಿಯುತ್ತದೆ, ಹೆದರಬೇಡಿ, ಅದು ಅಲ್ಯೂಮಿನಿಯಂದೇ. ಪ್ರತಿ ನಂಬರ್ ಮುಗಿದಾಗ ಆ ನೀರು ಚೆಲ್ಲಿ ಹೊಸ ನೀರು ಹಾಕಿ, ಇಲ್ಲದಿದ್ದರೆ ಹಿಂದಿನ ಪೇಪರಿನ ಒಂದು ಕಣ ಬಂದು ಎಲ್ಲ ಹಾಳು. 800 ಮುಗಿಯುವ ತನಕ ಏನೂ ಚೆಂದ ಕಾಣುವುದಿಲ್ಲ. ಎಷ್ಟೋ ಜನ ಇಲ್ಲೇ ಕೈಬಿಡುತ್ತಾರೆ. 2000 ಆದಮೇಲೆ ಕವರಿನಲ್ಲಿ ನಿಮ್ಮ ಮುಖ ಮಸುಕಾಗಿ ಕಂಡರೆ ದಾರಿ ಸರಿ ಇದೆ.

ಆಮೇಲೆ ಡ್ರಿಲ್ಲಿಗೆ ಬಟ್ಟೆಯ ಬಫ್ ಚಕ್ರ ಹಾಕಿ, ಕಂದು ಬಫ್ ಸೋಪು ಹಚ್ಚಿ ಒಂದು ಸುತ್ತು, ಬೇರೆ ಚಕ್ರದಲ್ಲಿ ಬಿಳಿ ಸೋಪು ಇನ್ನೊಂದು ಸುತ್ತು. ಒಂದೇ ಚಕ್ರಕ್ಕೆ ಎರಡೂ ಸೋಪು ಬೇಡ. ಒತ್ತಬೇಡಿ, ಚಕ್ರ ತನ್ನ ಕೆಲಸ ಮಾಡಲಿ. ಬಿಡಿ ಭಾಗವಾದರೆ ಅದರ ಅಂಚನ್ನು ಚಕ್ರ ತಿರುಗುವ ದಿಕ್ಕಿಗೆ ಎದುರಾಗಿ ಕೊಡಬೇಡಿ, ಕಿತ್ತುಕೊಂಡು ಎಸೆಯುತ್ತದೆ. ಕನ್ನಡಕ ಕಡ್ಡಾಯ, ಉದ್ದ ತೋಳಿನ ಸಡಿಲ ಅಂಗಿ, ಹೆಗಲಿನ ಬೈರಾಸು ಎರಡೂ ಬೇಡ. ಉಳಿದ ಸೋಪಿನ ಜಿಡ್ಡಿಗೆ ಮೈದಾ ಉದುರಿಸಿ ಮೆತ್ತಗಿನ ಬಟ್ಟೆಯಲ್ಲಿ ಒರೆಸಿ, ಚೊಕ್ಕ ಬರುತ್ತದೆ.

ಕೆಂಪು, ಚಿನ್ನದ ಬಣ್ಣ ಇರುವ ಆನೋಡೈಸ್ ಭಾಗಗಳನ್ನು ಉಜ್ಜಬೇಡಿ, ಅದು ಆಗಲೇ ಅಂಗಿ ತೊಟ್ಟಿದೆ. ಕ್ರೋಮ್ ಇದ್ದರೆ ಅಡುಗೆಮನೆಯ ಫಾಯಿಲ್ ಉಂಡೆ ಮಾಡಿ ನೀರಲ್ಲಿ ಅದ್ದಿ ಉಜ್ಜಿ, ತುಕ್ಕಿನ ಚುಕ್ಕೆ ಹೋಗುತ್ತದೆ. ವಾಟರ್ ಪೇಪರ್ ಮುಟ್ಟಿಸಿದರೆ ಕ್ರೋಮ್ ಹೋಯಿತು ಅಂತಲೇ ಲೆಕ್ಕ.

ಮೇಲಿನ ಅಂಗಿ

ಕನ್ನಡಿ ಮಾಡಿದ ಅಲ್ಯೂಮಿನಿಯಂ ಅಂದರೆ ಬತ್ತಲೆ ಲೋಹ. ಅದರ ಮೇಲೆ ಕ್ಲಿಯರ್ ಲ್ಯಾಕರ್ ಹೊಡೆಯಿರಿ ಅಂತ ಎಲ್ಲರೂ ಹೇಳುತ್ತಾರೆ, ನಾನು ಒಪ್ಪುವುದಿಲ್ಲ. ಅಷ್ಟು ನುಣುಪಿನ ಮೇಲೆ ಲ್ಯಾಕರಿಗೆ ಹಿಡಿತ ಸಿಗುವುದಿಲ್ಲ. ಮುರಕಲ್ಲಿನ (ಕೆಂಪು ಜಂಬಿಟ್ಟಿಗೆ ಕಲ್ಲಿನ) ಚೂರು ಬಡಿದು ಒಂದು ಕಡೆ ಬಿಟ್ಟಿತೋ, ಒಳಗೆ ನೀರು ಹೊಕ್ಕು ಬಿಳಿ ಹುಳ ಹರಿದ ಹಾಗೆ ಗೆರೆ ಹೋಗುತ್ತದೆ. ವ್ಯಾಕ್ಸ್ ಅಥವಾ ಸೆರಾಮಿಕ್ ಕೋಟಿಂಗ್ ಸಾಕು, ಸವೆದಾಗ ಮತ್ತೆ ಹಚ್ಚಿ. ಸೆರಾಮಿಕ್ ಹಚ್ಚುವ ಮೊದಲು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಜಿಡ್ಡು ಪೂರ್ತಿ ತೆಗೆಯಬೇಕು. ನಾಲ್ಕೈದು ತೊಟ್ಟು ಸ್ಪಂಜಿಗೆ ಹಾಕಿ ಉದ್ದಕ್ಕೂ ಅಡ್ಡಕ್ಕೂ ಎಳೆದು, ಬಾಟಲಿಯಲ್ಲಿ ಬರೆದ ನಿಮಿಷ ಬಿಟ್ಟು ಒರೆಸಿ. ಒಂದು ದಿನ ನೀರು ತಾಗಬಾರದು.

ನಿಜ ಹೇಳಬೇಕೆಂದರೆ ಕನ್ನಡಿ ಹೊಳಪು ಚಕ್ರದ ರಿಮ್ಮಿಗೂ ಒಂದು ಕವರಿಗೂ ಸಾಕು. ಉಳಿದದ್ದಕ್ಕೆ ಬಣ್ಣವೇ ವಾಸಿ. ಕಬ್ಬಿಣದ ಕ್ಯಾರಿಯರ್, ಬಂಪರ್, ಸಸ್ಪೆನ್ಶನ್ನಿನ ಕೈಗಳು, ಇವುಗಳಿಗೆ ವೈರ್ ಬ್ರಷ್ ಹಾಕಿ ಸಡಿಲ ತುಕ್ಕು ಉದುರಿಸಿ, ಫಾಸ್ಫಾರಿಕ್ ಆಸಿಡ್ ಇರುವ ರಸ್ಟ್ ಕನ್ವರ್ಟರ್ ಹಚ್ಚಿ. ಕೆಂಪು ತುಕ್ಕು ಕಪ್ಪಾಗುತ್ತದೆ. ಮಾರನೆಯ ದಿನ ಎಪಾಕ್ಸಿ ಪ್ರೈಮರ್, ಅದರ ಮೇಲೆ ಪಿಯು (ಪಾಲಿಯುರಿಥೇನ್) ಬಣ್ಣ. ಹಾರ್ಡನರ್ ಬೆರೆಸುವ ಪಿಯು ಬಣ್ಣವನ್ನು ಸ್ಪ್ರೇ ಮಾಡುವುದಾದರೆ ಮೂಗಿಗೆ ಟವೆಲ್ ಕಟ್ಟಿದರೆ ಸಾಲದು. ಅದರ ಐಸೊಸಯನೇಟ್ ಶ್ವಾಸಕೋಶಕ್ಕೆ ಕೆಟ್ಟದ್ದು, ಪೇಂಟಿಗೆ ಹೊಂದುವ ಕಾರ್ಟ್ರಿಜ್ ಇರುವ ಮಾಸ್ಕ್ ಬೇಕು. ಅದು ಇಲ್ಲದವರು ಬ್ರಷ್ಷಿನಲ್ಲಿ ಬಯಲಿನಲ್ಲಿ ಹಚ್ಚಿ, ಗಾಡಿಯ ಅಡಿಭಾಗವನ್ನು ಯಾರು ಬಗ್ಗಿ ನೋಡುತ್ತಾರೆ? ಸ್ಪ್ರೇ ಡಬ್ಬಿಯಾದರೆ ಒಂದು ಗೇಣು ಮೇಲೆ ನಾಲ್ಕು ಬೆರಳು ದೂರ ಹಿಡಿದು, ತೆಳುವಾಗಿ ಮೂರು ಸಲ, ನಡುವೆ ಹತ್ತು ನಿಮಿಷ.

ಪೌಡರ್ ಕೋಟಿಂಗ್ ಇನ್ನೂ ಗಟ್ಟಿ. ಆದರೆ ಅದನ್ನು ಸುಮಾರು 180ರಿಂದ 200 ಡಿಗ್ರಿಯಲ್ಲಿ ಬೇಯಿಸಬೇಕು. ಮನೆಯಲ್ಲಿ ಆಗುವ ಕೆಲಸ ಅಲ್ಲ, ಅಡುಗೆಯ ಓವನ್ನಿನಲ್ಲಿ ಅಂತೂ ಬೇಡವೇ ಬೇಡ. ಕೊಡುವುದಾದರೆ ಬುಷ್, ಬೇರಿಂಗ್ ತೆಗೆದು ಕೊಡಿ.

ಸೈಲೆನ್ಸರಿಗೆ ಹೈ ಟೆಂಪರೇಚರ್ ಪೇಂಟೇ ಆಗಬೇಕು. ಅದು ಬಿಸಿಯಲ್ಲೇ ಗಟ್ಟಿಯಾಗುವುದು. ಹೊರಗೆ ಅಂಗಳದಲ್ಲಿ ಎಂಜಿನ್ ಹತ್ತು ನಿಮಿಷ ಓಡಿಸಿ ಪೂರ್ತಿ ತಣಿಸಿ, ಮತ್ತೆ ಇಪ್ಪತ್ತು ನಿಮಿಷ, ತಣಿಸಿ, ಮತ್ತೆ ಅರ್ಧ ಗಂಟೆ. ಹೊಗೆ ಬರುತ್ತದೆ, ಬರಲಿ.

ಪ್ಲಾಸ್ಟಿಕ್ ಮಡ್‌ಗಾರ್ಡ್ ಮಂಕಾದರೆ ನಮ್ಮವರು ತೆಂಗಿನೆಣ್ಣೆ ಹಚ್ಚುತ್ತಾರೆ. ಆ ಹೊತ್ತಿಗೆ ಚೆಂದವೇ, ಮರುದಿನ ಧೂಳೆಲ್ಲ ಅದಕ್ಕೇ. ಬಗ್ಗಿ ಬಿಳಿಯಾದ ಕಡೆ ಹಾಟ್ ಏರ್ ಗನ್ನನ್ನು ದೂರದಿಂದ ಆಡಿಸುತ್ತಾ ಹೋದರೆ ಬಣ್ಣ ಬಹುಪಾಲು ವಾಪಸ್ ಬರುತ್ತದೆ. ಒಂದೇ ಕಡೆ ನಿಲ್ಲಿಸಿದರೆ ಹಪ್ಪಳ.

ಎಲ್ಲಿ ಏನೂ ಹಚ್ಚಬಾರದು ಅನ್ನುವುದೂ ಗೊತ್ತಿರಲಿ. ಬ್ರೇಕ್ ಡಿಸ್ಕ್, ಬ್ರೇಕ್ ಪ್ಯಾಡ್, ಗೇರಿನ ಬದಲು ಇರುವ ಸಿವಿಟಿ ಬೆಲ್ಟು, ಅದು ಕೂರುವ ಪುಲ್ಲಿ, ಸೀಟು, ಕಾಲಿಡುವ ಮೆಟ್ಟಿಲು, ಟಯರಿನ ಹಲ್ಲು. ಇಲ್ಲೆಲ್ಲ ಪಾಲಿಶ್ ಅಂದರೆ ಜಾರುವುದು.

ಬದಲಿಸಲು ಯೋಗ್ಯವಾದದ್ದು

ದುಡ್ಡು ಇದ್ದರೆ ಮೊದಲು ಅಡಿಯ ಸ್ಕಿಡ್ ಪ್ಲೇಟ್. ನಮ್ಮ ಮುರಕಲ್ಲಿನ ಗುಡ್ಡಕ್ಕೆ ದಪ್ಪ ಪ್ಲಾಸ್ಟಿಕ್ಕಿನದ್ದು ಒಳ್ಳೆಯದು, ಕಲ್ಲಿನ ಮೇಲೆ ಜಾರಿ ಹೋಗುತ್ತದೆ, ತುಕ್ಕಿನ ಮಾತೇ ಇಲ್ಲ. ಎರಡನೆಯದು ಎಲ್‌ಇಡಿ ಲೈಟ್. ರಿಲೇ, ಫ್ಯೂಸ್ ಹಾಕಿಯೇ ಕೊಡಿ, ಕನೆಕ್ಟರಿನ ಒಳಗೆ ಡೈಎಲೆಕ್ಟ್ರಿಕ್ ಗ್ರೀಸ್ ತುಂಬಿ. ದೊಡ್ಡ ಟಯರಿನ ಆಸೆ ನನಗೂ ಇತ್ತು, ಹಾಕಲಿಲ್ಲ. ಟಯರ್ ದೊಡ್ಡದಾದಷ್ಟೂ ಬೆಲ್ಟಿಗೆ ಭಾರ ಜಾಸ್ತಿ, ಗೋಣಿ ಹೇರಿ ಗುಡ್ಡ ಹತ್ತುವಾಗ ಅದೇ ಮೊದಲು ಸುಟ್ಟು ಹೋಗುವುದು.

ತುಕ್ಕು ಹಿಡಿದ ಬೋಲ್ಟಿನ ಬದಲು ಸ್ಟೀಲ್ ಬೋಲ್ಟ್ ಹಾಕುವವರು ಒಂದು ನೋಡಿಕೊಳ್ಳಿ. ಸ್ಟೇನ್‌ಲೆಸ್ ಸ್ಟೀಲ್ ಅಲ್ಯೂಮಿನಿಯಂ ಒಳಗೆ ಕೂತು ನೀರು ಸೇರಿದರೆ ಅಲ್ಯೂಮಿನಿಯಂ ಸವೆಯುತ್ತದೆ, ಬೋಲ್ಟು ಕಚ್ಚಿಕೊಳ್ಳುತ್ತದೆ. ಬೋಲ್ಟಿನ ತಿರುಪು ಗೆರೆಗಳಿಗೆ ಆಂಟಿ ಸೀಜ್ (ಕಚ್ಚಿಕೊಳ್ಳದ ಹಾಗೆ ತಡೆಯುವ ಪೇಸ್ಟು) ಹಚ್ಚಿ, ಹಚ್ಚಿದಮೇಲೆ ಬಿಗಿ ಸ್ವಲ್ಪ ಕಮ್ಮಿ ಇರಲಿ. ಸಸ್ಪೆನ್ಶನ್, ಸ್ಟಿಯರಿಂಗ್, ಬ್ರೇಕಿನ ಬೋಲ್ಟುಗಳಿಗೆ ಇದು ಬೇಡ, ಕಂಪನಿಯದ್ದೇ ಇರಲಿ. ಚಕ್ರದ ನಟ್ಟುಗಳನ್ನು ಟಾರ್ಕ್ ವ್ರೆಂಚಿನಲ್ಲಿ ಪುಸ್ತಕದಲ್ಲಿ ಕೊಟ್ಟ ಲೆಕ್ಕಕ್ಕೆ ಬಿಗಿದು, ಎರಡು ದಿನ ಓಡಿಸಿ ಮತ್ತೆ ನೋಡಿ. ಹೊಸ ಬಣ್ಣ ನಟ್ಟಿನ ಅಡಿ ಸಿಕ್ಕಿ ಚಪ್ಪಟೆಯಾದರೆ ನಟ್ಟು ಸಡಿಲವಾಗುತ್ತದೆ.

ಇನ್ನು ಮದ್ದು ಬಿಡುವ ದಿನ. ಡ್ರಮ್ಮಿನ ಅಡಿಗೆ ರಬ್ಬರ್ ಶೀಟ್ ಹಾಸಿ ಅಂಚು ಮೇಲೆ ಮಡಚಿ, ಚೆಲ್ಲಿದ್ದು ಎಂಜಿನ್ನಿಗೆ ಇಳಿಯದ ಹಾಗೆ. ಮೈಲುತುತ್ತು ಕರಗಿಸಿದ ಬರೀ ನೀರನ್ನು ಗಾಡಿಯಲ್ಲಿ ಸಾಗಿಸಲೇಬೇಡಿ, ಸುಣ್ಣ ಸೇರಿಸಿ ಚೂರಿ ನೋಡಿದಮೇಲೆ ಸಾಗಿಸಿ. ಸಂಜೆ ಎಷ್ಟೇ ಸುಸ್ತಾದರೂ ಗಾಡಿಗೆ ನೀರು ಬಿಟ್ಟೇ ಸ್ನಾನಕ್ಕೆ ಹೋಗುವುದು. ಕಳೆದ ಆಟಿಯಲ್ಲಿ ಭಾವ ಇದಿಷ್ಟೂ ಮಾಡಿದ, ಚೂರಿಯನ್ನು ಮಾತ್ರ ಒರೆಸದೆ ಟೂಲ್ ಬಾಕ್ಸಿನಲ್ಲಿ ಇಟ್ಟ. ಈಗ ಪೆಟ್ಟಿಗೆಯ ಅರ್ಧ ಸ್ಪ್ಯಾನರುಗಳಿಗೆ ತುಕ್ಕು. 400ರ ಪೇಪರ್ ನೆನೆಹಾಕಿ ಕೂತಿದ್ದೇನೆ.