ಜಪಸರ ಕೈಯಲ್ಲಿರುವಾಗಲೇ ನಿದ್ದೆ ಬಂದರೆ

ಆ ಸಲ ಪಾಪನಿವೇದನೆಗೆ ಮೊಣಕಾಲೂರಿದಾಗ ನಾನು ಹೇಳಿಕೊಂಡ ಮೊದಲ ತಪ್ಪು ಇದು: “ಜಪಸರ ಪೂರ್ತಿ ಆಗುವುದೇ ಇಲ್ಲ ಫಾದರ್. ಮೂರನೇ ಹತ್ತಕ್ಕೆ ಬರುವಷ್ಟರಲ್ಲಿ ಕಣ್ಣು ಮುಚ್ಚಿಹೋಗುತ್ತದೆ.” ಮಣಿ ಎಣಿಸುತ್ತ ಹೇಳುವ ಜಪಸರದಲ್ಲಿ ಹತ್ತು ‘ನಮೋ ಮರಿಯ’ ಪ್ರಾರ್ಥನೆ ಸೇರಿದರೆ ಒಂದು ‘ಹತ್ತು’, ಅಂಥವು ಐದು. ಗುರುಗಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ರಾತ್ರಿ ಎಷ್ಟು ಗಂಟೆ ನಿದ್ದೆ ಮಾಡುತ್ತೀಯಮ್ಮ?” ಎಂದು ಕೇಳಿದರು. ನಾಲ್ಕು ಗಂಟೆ ಎಂದೆ. ಅವರು ಕೊಟ್ಟ ಪ್ರಾಯಶ್ಚಿತ್ತ: ಒಂದು ವಾರ ರಾತ್ರಿ ಹತ್ತಕ್ಕೆ ದೀಪ ಆರಿಸಬೇಕು, ಮಲಗುವ ಮುನ್ನ ಒಂದು ನಮೋ ಮರಿಯ, ಅಷ್ಟೇ.

ಎದ್ದು ಬರುವಾಗ ನನಗೆ ಸಮಾಧಾನಕ್ಕಿಂತ ಗಲಿಬಿಲಿಯೇ ಹೆಚ್ಚಾಗಿತ್ತು. ಪಾರ್ಶ್ವವಾಯು ಆದಮೇಲೆ ಅಮ್ಮ ಹಾಸಿಗೆ ಹಿಡಿದು ಎರಡು ವರ್ಷವಾಗಿತ್ತು. ಹಗಲು ಆಫೀಸಿನ ಲೆಕ್ಕಪತ್ರ, ಸಂಜೆಯಿಂದ ಅಮ್ಮನ ಆರೈಕೆ. ಅವಳು ಮಲಗಿದ ಮೇಲೆ ನನ್ನ ಪ್ರಾರ್ಥನೆ: ಜಪಸರ, ಒಂಬತ್ತು ದಿನದ ನವೇನ, ಸಂತರ ಪ್ರಾರ್ಥನಾಮಾಲೆ, ಕೇಳಿಕೊಂಡವರೆಲ್ಲರ ಹೆಸರಿನ ಪಟ್ಟಿ. ಒಂದು ದಿನ ತಪ್ಪಿದರೆ ಮರುದಿನ ಎರಡರಷ್ಟು. ಆಫೀಸಿನಲ್ಲಿ ಲೆಕ್ಕ ಒಪ್ಪಿಸಿ ಬಂದು ರಾತ್ರಿ ದೇವರಿಗೂ ಲೆಕ್ಕ ಒಪ್ಪಿಸುತ್ತಿದ್ದೆ. ಅದನ್ನು ಭಕ್ತಿ ಎಂದೇ ನಂಬಿದ್ದೆ.

ಆ ವಾರ ಬೈಬಲಿನ ಅರಸರ ಮೊದಲನೆಯ ಗ್ರಂಥದ 19ನೆಯ ಅಧ್ಯಾಯ ಓದಿದೆ. ಪ್ರವಾದಿ ಎಲೀಯ ದಣಿದು, ಗಿಡದ ಕೆಳಗೆ ಕುಳಿತು, ಸಾಕಪ್ಪ ಈ ಜೀವ ಎಂದು ಸಾವನ್ನೇ ಬೇಡಿಕೊಳ್ಳುತ್ತಾನೆ. ದೇವರು ಅವನಿಗೆ ಉಪದೇಶ ಮಾಡುವುದಿಲ್ಲ. ಅವನು ಮಲಗುತ್ತಾನೆ, ದೂತ ಎಬ್ಬಿಸಿ ರೊಟ್ಟಿ ನೀರು ಕೊಡುತ್ತಾನೆ, ತಿಂದು ಮತ್ತೆ ಮಲಗುತ್ತಾನೆ. ಎರಡನೆಯ ಸಲ ಎಬ್ಬಿಸಿದಾಗಲೂ ಮೊದಲು ಊಟ, ಆಮೇಲೆ ಪ್ರಯಾಣ. ದೇವರ ಮೆಲುದನಿ ಅವನಿಗೆ ಕೇಳಿಸಿದ್ದು ಇದೆಲ್ಲ ಆದ ನಂತರ. ಎಷ್ಟೋ ಬಾರಿ ಪೂಜೆಯಲ್ಲಿ ಕೇಳಿದ್ದ ವಾಚನ. ನಿದ್ದೆಯ ಭಾಗ ಮಾತ್ರ ನನ್ನ ಕಿವಿಗೆ ಬಿದ್ದೇ ಇರಲಿಲ್ಲ.

ರಾತ್ರಿಯ ಕ್ರಮವನ್ನು ಅಲ್ಲಿಂದ ಬದಲಿಸಿದೆ. ಧರ್ಮಸಭೆಯ ರಾತ್ರಿ ಪ್ರಾರ್ಥನೆ ಬಹಳ ಚಿಕ್ಕದು. ದಿನವನ್ನು ಒಮ್ಮೆ ಹಿಂತಿರುಗಿ ನೋಡುವುದು, ಒಂದೆರಡು ಕೀರ್ತನೆ, ಪುಟ್ಟ ವಾಚನ, ಮುದುಕ ಸಿಮೆಯೋನ ಶಿಶುಯೇಸುವನ್ನು ಎತ್ತಿಕೊಂಡು ಹಾಡಿದ ಸ್ತುತಿ, ಕೊನೆಗೆ ಮಾತೆ ಮರಿಯಳಿಗೆ ಒಂದು ಗೀತೆ. ಹತ್ತು ನಿಮಿಷ ಹಿಡಿಯುವುದಿಲ್ಲ. ನಡುವೆ ಒಂದು ಮಾತು ಬರುತ್ತದೆ: ನನ್ನ ಆತ್ಮವನ್ನು ನಿಮ್ಮ ಕೈಗೆ ಒಪ್ಪಿಸುತ್ತೇನೆ. 31ನೆಯ ಕೀರ್ತನೆಯ ಮಾತು ಅದು. ಶಿಲುಬೆಯ ಮೇಲೆ ಯೇಸುಸ್ವಾಮಿ ಕೊನೆಯುಸಿರಿನಲ್ಲಿ ಹೇಳಿದ್ದೂ ಅದನ್ನೇ. ಅಲ್ಲಿಗೆ ಬಂದಾಗ ನಾನು ನಿಲ್ಲುತ್ತೇನೆ. ಆ ದಿನ ಮುಗಿಯದೆ ಉಳಿದದ್ದನ್ನು ಒಂದೊಂದಾಗಿ ಹೆಸರು ಹಿಡಿದು ಒಪ್ಪಿಸುತ್ತೇನೆ: ತಾಳೆಯಾಗದ ಲೆಕ್ಕ, ಅಮ್ಮನ ಮೇಲೆ ರೇಗಿದ್ದು, ಬರಬೇಕಿದ್ದು ಬಾರದ ಫೋನು. ಒಪ್ಪಿಸಿದ ಮೇಲೆ ಅದು ಬೆಳಗಿನವರೆಗೆ ನನ್ನದಲ್ಲ. ಇದು ಮೊದಲ ವಾರವೇ ಬಂದ ಅಭ್ಯಾಸವಲ್ಲ. ಒಪ್ಪಿಸಿದ್ದನ್ನು ಅರ್ಧರಾತ್ರಿಯಲ್ಲಿ ಮತ್ತೆ ಎತ್ತಿಕೊಂಡು ಕೂತ ದಿನಗಳು ತಿಂಗಳುಗಟ್ಟಲೆ ಇದ್ದವು.

ಹಾಗೆ ಎಚ್ಚರವಾದಾಗ ಕೈ ಹಿಡಿದದ್ದು ಸಂತ ಇಗ್ನೇಷಿಯಸ್ ಲೊಯೋಲಾ ಕಲಿಸಿದ ಒಂದು ವಿಧಾನ. 1548ರಲ್ಲಿ ಅಚ್ಚಾದ ಅವರ ಆಧ್ಯಾತ್ಮಿಕ ಸಾಧನೆಯ ಕೈಪಿಡಿಯಲ್ಲಿ ಪ್ರಾರ್ಥನೆಯ ಮೂರು ವಿಧಾನಗಳಿವೆ. ಮೂರನೆಯದರಲ್ಲಿ ಒಂದು ಉಸಿರಿಗೆ ಪ್ರಾರ್ಥನೆಯ ಒಂದೇ ಪದ. ನಾನು ಹೇಳಿಕೊಳ್ಳುವುದು ಯೇಸುಸ್ವಾಮಿ ಕಲಿಸಿದ ಪ್ರಾರ್ಥನೆ. ‘ಪರಲೋಕದಲ್ಲಿರುವ’ ಎಂದು ಮನಸ್ಸಿನಲ್ಲಿ ಅಂದು ಒಂದು ಉಸಿರು. ‘ನಮ್ಮ’ ಎಂದು ಇನ್ನೊಂದು. ‘ತಂದೆಯೇ’ ಎಂದು ಮತ್ತೊಂದು. ಅವಸರವೇ ಇಲ್ಲ. ‘ತಂದೆಯೇ’ ಎಂಬ ಪದದಲ್ಲಿ ಒಂದು ಪೂರ್ತಿ ಉಸಿರಿನಷ್ಟು ಹೊತ್ತು ಇದ್ದು ನೋಡಿ, ಅದು ಬಾಯಿಪಾಠದ ಪದವಾಗಿ ಉಳಿಯುವುದಿಲ್ಲ. ಎಷ್ಟೋ ರಾತ್ರಿ ನಾನು ಆ ಪ್ರಾರ್ಥನೆಯ ‘ಅನುದಿನದ ಆಹಾರ’ ಎಂಬ ಸಾಲಿನವರೆಗೂ ತಲುಪುವುದಿಲ್ಲ, ಅಷ್ಟರಲ್ಲಿ ನಿದ್ದೆ. ಈಗ ಅದನ್ನು ಪಾಪನಿವೇದನೆಯಲ್ಲಿ ಹೇಳುವುದಿಲ್ಲ. ಫ್ರಾನ್ಸಿನ ಸನ್ಯಾಸಿನಿ, ಲಿಸ್ಯೂವಿನ ಸಂತ ತೆರೇಸಾ ಕೂಡ ಪ್ರಾರ್ಥನೆಯ ಹೊತ್ತಿನಲ್ಲಿ ತೂಕಡಿಸುತ್ತಿದ್ದಳು. ಎಚ್ಚರವಿದ್ದಾಗ ಎಷ್ಟೋ ನಿದ್ದೆಯಲ್ಲಿದ್ದಾಗಲೂ ಮಕ್ಕಳು ಹೆತ್ತವರಿಗೆ ಅಷ್ಟೇ ಮುದ್ದು ಎಂದು ಅವಳು ಧೈರ್ಯ ತಂದುಕೊಂಡಳು. 1997ರಲ್ಲಿ ಧರ್ಮಸಭೆಯ ಪಂಡಿತೆ, ಅಂದರೆ ಇಡೀ ಸಭೆಗೆ ಬೋಧಕಿ, ಎಂದು ಘೋಷಿತಳಾದವಳ ಮಾತು ಅದು.

ಹಗಲಿನಲ್ಲಿ ಮಧ್ಯಾಹ್ನ ಹನ್ನೆರಡಕ್ಕೆ ತ್ರಿಕಾಲ ಪ್ರಾರ್ಥನೆ ಮಾತ್ರ. ಮೂರು ವಾಕ್ಯ, ಮೂರು ನಮೋ ಮರಿಯ. ಕುರ್ಚಿಯಲ್ಲೇ ಕುಳಿತು, ಪೆನ್ನು ಕೆಳಗಿಟ್ಟು ಹೇಳಿಕೊಳ್ಳುತ್ತೇನೆ.

ಭಾನುವಾರವೇ ಕಷ್ಟವಾದದ್ದು. ಬಲಿಪೂಜೆ ತಪ್ಪಿಸಿದವಳಲ್ಲ, ಆದರೆ ಪೂಜೆ ಮುಗಿದ ಕೂಡಲೇ ವಾರದ ಬಾಕಿ ಕೆಲಸಕ್ಕೆ ಕೂರುತ್ತಿದ್ದೆ. ಆ ದಿನವನ್ನು ಪವಿತ್ರವಾಗಿ ಆಚರಿಸಬೇಕೆಂಬುದು ಹತ್ತು ಕಟ್ಟಳೆಗಳಲ್ಲಿ ಒಂದು. ಕದಿಯಬಾರದು ಎಂಬುದನ್ನು ಪಾಲಿಸುವವಳು ಇದನ್ನು ಮಾತ್ರ ಹೇಗೆ ಸಲಹೆಯೆಂದು ತಿಳಿದೆನೋ! ಆಫೀಸಿನ ಫೈಲು ಮುಟ್ಟುವುದಿಲ್ಲ ಎಂದು ನಿಶ್ಚಯಿಸಿದೆ. ಅಮ್ಮನ ಆರೈಕೆ ಬಿಡುವ ಪ್ರಶ್ನೆಯೇ ಇಲ್ಲ. ಕುಟುಂಬದ ಅಗತ್ಯ ಬಿಡುವಿನ ಕಟ್ಟಳೆಗೆ ಅಡ್ಡಿಯಲ್ಲವೆಂದು ಧರ್ಮಸಭೆಯ ಧರ್ಮೋಪದೇಶ ಗ್ರಂಥವೇ ಹೇಳುತ್ತದೆ. ಆದರೂ ತಮ್ಮನನ್ನು ಬಾಯಿಬಿಟ್ಟು ಕೇಳಿದೆ: “ಭಾನುವಾರ ಮಧ್ಯಾಹ್ನ ಎರಡು ಗಂಟೆ ಅಮ್ಮನ ಹತ್ತಿರ ನೀನು ಕೂರುತ್ತೀಯಾ?” “ನೀನು ಕೇಳಲೇ ಇಲ್ಲವಲ್ಲ ಅಕ್ಕ” ಎಂದ. ಎರಡು ವರ್ಷ ದೇವರಲ್ಲಿ ಶಕ್ತಿ ಬೇಡಿದ್ದೆ, ತಮ್ಮನಲ್ಲಿ ಎರಡು ಗಂಟೆ ಬೇಡಿರಲಿಲ್ಲ. ಮೊದಲ ಭಾನುವಾರ ಆ ಎರಡು ಗಂಟೆ ಏನು ಮಾಡಬೇಕೆಂದು ತಿಳಿಯದೆ ಅತ್ತುಬಿಟ್ಟೆ. ಈಗ ಅರ್ಧ ಗಂಟೆ ಚರ್ಚಿನಲ್ಲಿ ಪರಮಪ್ರಸಾದದ (ಪೂಜೆಯಲ್ಲಿ ಕ್ರಿಸ್ತನ ಶರೀರವಾದ ರೊಟ್ಟಿಯ) ಮುಂದೆ ಏನೂ ಓದದೆ ಕೂರುತ್ತೇನೆ, ಉಳಿದ ಹೊತ್ತು ನಡೆದಾಡುತ್ತೇನೆ, ಇಲ್ಲವೇ ಮಲಗುತ್ತೇನೆ.

ಇಷ್ಟಾದರೂ ನಿದ್ದೆ ಸರಿಹೋಗದಿದ್ದಾಗ ಡಾಕ್ಟರ ಬಳಿ ಹೋದೆ, ಕೆಲವು ತಿಂಗಳು ಮಾತ್ರೆ ತೆಗೆದುಕೊಂಡೆ. ನಂಬಿಕೆ ಕಡಿಮೆಯಾಯಿತೇ ಎಂದು ಯಾರಾದರೂ ಅಳುಕುತ್ತಿದ್ದರೆ ನಮ್ಮ ಬೈಬಲಿನ ಸಿರಾಖನ ಗ್ರಂಥದ 38ನೆಯ ಅಧ್ಯಾಯ ತೆರೆಯಿರಿ. ವೈದ್ಯನನ್ನು ಗೌರವಿಸು, ಅವನನ್ನೂ ಸೃಷ್ಟಿಸಿದವರು ದೇವರೇ ಎಂದು ಅಲ್ಲಿದೆ.

ಜಪಸರವನ್ನು ನಾನು ಬಿಟ್ಟಿಲ್ಲ. ಮೊದಲು ಅಮ್ಮ ಮಲಗಲಿ ಎಂದು ಕಾಯುತ್ತಿದ್ದೆ, ಈಗ ಸಂಜೆ ಅವಳ ಪಕ್ಕದಲ್ಲೇ ಕೂತು ಒಂದು ಹತ್ತು ಮಾತ್ರ ಹೇಳುತ್ತೇನೆ. ಅವಳಿಗೆ ಮಾತು ಸರಿಯಾಗಿ ಹೊರಡುವುದಿಲ್ಲ. ನಾನು ನಮೋ ಮರಿಯ ಹೇಳಿ ಮುಗಿಸಿದಾಗ ಅವಳ ಎಡಗೈ ಹೆಬ್ಬೆರಳು ಒಂದು ಮಣಿ ಮುಂದಕ್ಕೆ ಸರಿಸುತ್ತದೆ. ಕೆಲವು ಸಂಜೆ ಆರನೆಯದೋ ಏಳನೆಯದೋ ಮಣಿಯ ಹತ್ತಿರ ಬೆರಳು ನಿಂತುಬಿಡುತ್ತದೆ. ಮುಖ ನೋಡಿದರೆ ನಿದ್ದೆ. ಉಳಿದದ್ದನ್ನು ನಾನು ಮೆಲ್ಲಗೆ ಹೇಳಿ ಮುಗಿಸಿ, ಜಪಸರವನ್ನು ಅವಳ ಕೈಯಲ್ಲೇ ಬಿಟ್ಟು, ದೀಪ ಆರಿಸುತ್ತೇನೆ.