ದೇ ತಿಂಗಳ 20ನೇ ತಾರೀಖು

ಆಶ್ರಯ ಕೊಡುವುದಿಲ್ಲ ಅಂತ ಸರ್ಕಾರದಿಂದ ಬಂದ ಪತ್ರವನ್ನು ನಾನು ಕಕ್ಷಿದಾರರ ಜೊತೆ ಕೂತೇ ಓದುತ್ತೇನೆ, ಒಂದು ಪ್ಯಾರಾ ಬಿಡದೆ. ಬ್ರಿಟನ್ನಿನಲ್ಲಿ ಮೇಲ್ಮನವಿ ಹಾಕಲು ಸಿಗುವುದು 14 ದಿನ. ಅದರಲ್ಲಿ ಅರ್ಧ, ಕುರ್ದರ ಸೊರಾನಿ ಭಾಷೆ ಬಲ್ಲ ದುಭಾಷಿ ಹುಡುಕುವುದರಲ್ಲೇ ಹೋಗಿಬಿಡುತ್ತದೆ.

ಈ ಹುಡುಗ ಇರಾನಿನ ಕುರ್ದ್, ಅಲ್ಲಿನ ಒಂದು ಅಲ್ಪಸಂಖ್ಯಾತ ಜನಾಂಗದವನು. ಕೋಲ್ಬರ್ ಆಗಿದ್ದ, ಅಂದರೆ ಇರಾಕ್ ಗಡಿಯ ಬೆಟ್ಟ ಹತ್ತಿ ಇಳಿದು ಸಿಗರೇಟು, ಚಹಾಪುಡಿ, ಟೈರು ಬೆನ್ನ ಮೇಲೆ ಹೊತ್ತು ತರುವ ಕೂಲಿ. ಒಂದು ರಾತ್ರಿ ಗಡಿ ಕಾವಲಿನವರು ಗುಂಡು ಹಾರಿಸಿದರು, ಇವನು ಹೊರೆ ಬಿಸಾಕಿ ಓಡಿದ. ಹೊರೆಯೊಳಗೆ ಕುರ್ದಿಷ್ ಪಕ್ಷದ ಕರಪತ್ರ ಇದ್ದವು.

ಕಾನೂನು ನಮ್ಮ ಕಡೆಗೇ ಇತ್ತು. ಎಚ್‌ಬಿ ಅಂತ ಕರೆಯುವ 2018ರ ಅಪ್ಪರ್ ಟ್ರಿಬ್ಯುನಲ್ (ಇಂಥ ಕೇಸುಗಳ ಮೇಲಿನ ಹಂತದ ನ್ಯಾಯಮಂಡಳಿ) ತೀರ್ಪು, ಕುರ್ದ್ ಆಗಿರುವುದೊಂದೇ ಸಾಲದು, ಆದರೆ ಕುರ್ದರ ಹಕ್ಕಿನ ಕರಪತ್ರ ಇಟ್ಟುಕೊಂಡು ಸಿಕ್ಕಿಬಿದ್ದರೂ ಅಪಾಯ ಇದೆ ಅನ್ನುತ್ತದೆ. ಹಾಗಾಗಿ ಜಗಳ ಒಂದೇ, ಇವನ ಮಾತು ನಂಬಬಹುದಾ? ಸಂದರ್ಶನದಲ್ಲಿ 2018ರ ಜನವರಿ ಅಂದಿದ್ದಾನೆ, ಲಿಖಿತ ಹೇಳಿಕೆಯಲ್ಲಿ 2019ರ ಜನವರಿ ಅಂತಿದೆ, ಆದ್ದರಿಂದ ಕಟ್ಟುಕಥೆ ಅಂತ ಪತ್ರದಲ್ಲಿತ್ತು.

'ನಾನು ಆ ಇಸವಿಗಳನ್ನೇ ಹೇಳಿಲ್ವಲ್ಲ' ಅಂದ. ಸಂದರ್ಶನದ ಆಡಿಯೊ ತರಿಸಿ, ನಮ್ಮ ದುಭಾಷಿಗೆ ಹೆಡ್‌ಫೋನ್ ಕೊಟ್ಟು ಕೂರಿಸಿದೆ. ಹುಡುಗ ಹೇಳಿದ್ದು 1397, ದೇ ತಿಂಗಳು, 20. ಇರಾನಿನ ವರ್ಷ ನಮ್ಮ ಯುಗಾದಿಯ ಆಸುಪಾಸಿನಲ್ಲೇ, ಮಾರ್ಚಿನಲ್ಲಿ ಶುರುವಾಗುತ್ತದೆ. ಅದನ್ನು ನಮ್ಮ ಇಸವಿಗೆ ತರಲು ಹೆಚ್ಚಿನ ತಿಂಗಳಿಗೆ 621 ಕೂಡಿದರೆ ಸಾಕು, ದೇ ತಿಂಗಳ ನಡುವೆ ಜನವರಿ ಬಂದ ಮೇಲೆ ಮಾತ್ರ 622 ಕೂಡಬೇಕು. ಸಂದರ್ಶನದಲ್ಲಿ ಯಾರೋ 621 ಕೂಡಿದ್ದರು, 2019 ಆಗಬೇಕಾದದ್ದು 2018 ಆಗಿತ್ತು. (ನಾನೂ ಶುರುವಿನಲ್ಲಿ ಬೆರಳೆಣಿಸಿಯೇ ಲೆಕ್ಕ ಹಾಕುತ್ತಿದ್ದೆ, ಎಷ್ಟು ಕೇಸಲ್ಲಿ ತಪ್ಪಿದೆನೋ!) ಆ ಎರಡು ಸಾಲು ಸಂಭಾಷಣೆಯನ್ನು ಟೈಪ್ ಮಾಡಿಸಿ, ಅನುವಾದದ ಜೊತೆ ದಾಖಲೆಗಳ ಕಟ್ಟಿನ ಮೊದಲ ಪುಟಕ್ಕೇ ಹಾಕಿದೆ.

ವಿಚಾರಣೆಯ ದಿನ ಎದುರಿನ ವಕೀಲರು ತಾರೀಖಿನ ಸುದ್ದಿಗೇ ಬರಲಿಲ್ಲ. ಬದಲಿಗೆ, ಹೊರೆಯಲ್ಲಿ ಏನಿದೆ ಅಂತ ನೋಡಬಾರದಿತ್ತಾ ಅಂತ ಮೂರು ಸಲ ತಿರುಗಿಸಿ ಕೇಳಿದರು. ಅದಕ್ಕೆ ನಾನು ಅವನನ್ನು ತಯಾರು ಮಾಡಿರಲಿಲ್ಲ, ಎದೆ ಹೊಡೆದುಕೊಂಡಿತು. ಹುಡುಗ ಸುಮ್ನೆ ಹೇಳಿದ: 'ಕಟ್ಟಿದ ಹೊರೆ ಬಿಚ್ಚಿದವನಿಗೆ ಮುಂದಿನ ಸಲ ಯಾರೂ ಹೊರೆ ಕೊಡುವುದಿಲ್ಲ.' ನ್ಯಾಯಾಧೀಶರು ಅದನ್ನು ಬರೆದುಕೊಂಡರು.

ಐದು ವಾರಕ್ಕೆ ತೀರ್ಪು ಬಂತು, ಗೆದ್ದಿದ್ದೆವು. ಫೋನಿನಲ್ಲಿ ಅವನು ಅಳುತ್ತಿದ್ದ. ಆ ಕಡೆಯವರಿಗೂ ಮುಂದೆ ಹೋಗಲು ಅನುಮತಿ ಕೇಳುವುದಕ್ಕೆ 14 ದಿನ ಇರುತ್ತದೆ, ಅದನ್ನು ಆ ಹೊತ್ತಿನಲ್ಲಿ ಹೇಳಲು ನನಗೆ ಬಾಯಿ ಬರಲಿಲ್ಲ. ಮರುದಿನ ಹೇಳಿದೆ.