ಕಡವಿಗೊಂದು ಜೆಟ್ಟಿ ಬೇಕೇ? ಠರಾವಿನಿಂದ ಟೆಂಡರಿನವರೆಗೆ ಹೀಗೆ ಹೋಗಿ

ತದಡಿಯ ಧಕ್ಕೆಯಲ್ಲಿ ನಿಂತರೆ ಎದುರಿಗೇ ಅಘನಾಶಿನಿ ಊರು ಕಾಣುತ್ತದೆ. ದೋಣಿಯಲ್ಲಿ ಕೆಲವೇ ನಿಮಿಷ. ರಸ್ತೆಯಲ್ಲಾದರೆ ಮಿರ್ಜಾನ, ಕುಮಟಾ ಸುತ್ತಬೇಕು. ಗಂಗೊಳ್ಳಿಯವರಿಗೆ ಕುಂದಾಪುರವೂ ಹಾಗೆಯೇ, ಬೆಂಗ್ರೆಯವರಿಗೆ ಮಂಗಳೂರಿನ ಬಂದರೂ ಹಾಗೆಯೇ: ಕಣ್ಣಿಗೆ ಹತ್ತಿರ, ಬಸ್ಸಿಗೆ ದೂರ. ಕರಾವಳಿಯ ಅಳಿವೆಗಳಲ್ಲಿ, ಶರಾವತಿ ಹಿನ್ನೀರಿನಲ್ಲಿ ಶಾಲೆ, ಕೆಲಸ, ಆಸ್ಪತ್ರೆ ಅಂತ ನೀರು ದಾಟುವ ಜನ ಇವತ್ತಿಗೂ ಇದ್ದಾರೆ. ದೋಣಿ ಹತ್ತಿಳಿಯುವ ಜಾಗ, ಅಂದರೆ ಕಡವು ಮಾತ್ರ ಎಷ್ಟೋ ಕಡೆ ಪಾಚಿ ಕಟ್ಟಿದ ಕಲ್ಲಿನ ಮೆಟ್ಟಿಲು, ಇಲ್ಲವೇ ಬರೀ ಕೆಸರು.

ಶಾಸಕರಿಗೆ ಮನವಿ ಕೊಟ್ಟು ಫೋಟೊ ತೆಗೆಸಿಕೊಂಡರೆ ಜೆಟ್ಟಿ ಬಂದ ಹಾಗೆ ಅಂದುಕೊಳ್ಳುವವರು ಜಾಸ್ತಿ. ಮನವಿಗೆ ಒಂದು ಹಿಂಬರಹ ಬರುತ್ತದೆ, ಅಷ್ಟೇ. ಯಾವ ಕಾಗದ, ಯಾವ ಮೇಜು, ಯಾವ ಹೊತ್ತಿಗೆ ಅನ್ನುವುದು ಗೊತ್ತಿದ್ದರೆ ಫೈಲು ಮುಂದೆ ಹೋಗುತ್ತದೆ. ಶುರು ಮಾಡುವ ಮುಂಚೆ ಒಂದು ಮಾತು ನೆನಪಿರಲಿ. ಜೆಟ್ಟಿ ಕಟ್ಟುವ ದುಡ್ಡು ಹೇಗಾದರೂ ಹುಟ್ಟುತ್ತದೆ. ದೋಣಿ ಓಡಿಸುವ ದುಡ್ಡು ಹುಟ್ಟುವುದು ಕಷ್ಟ. ಅದು ಯಾರ ಜೇಬಿನಿಂದ ಅಂತ ಮೊದಲ ಕಾಗದದಲ್ಲೇ ಬರೆಸಬೇಕು.

1. ಕಡವು ಯಾರದ್ದು?

ಸಂವಿಧಾನದಲ್ಲಿ ದೋಣಿ ಕಡವು ರಾಜ್ಯ ಪಟ್ಟಿಯ 13ನೇ ನಮೂದಿನಲ್ಲಿದೆ. ಪಂಚಾಯಿತಿಗಳಿಗೆ ವಹಿಸಬಹುದಾದ ವಿಷಯಗಳ ಹನ್ನೊಂದನೇ ಅನುಸೂಚಿಯಲ್ಲೂ ರಸ್ತೆ, ಸೇತುವೆಯ ಜತೆ 13ನೇ ನಮೂದಿನಲ್ಲೇ ಇದೆ. ಅಂದರೆ ‘ಇದು ನಮಗೆ ಬರಲ್ಲ’ ಅಂತ ಪಂಚಾಯಿತಿಯವರು ಸುಮ್ನೆ ಕೈ ತೊಳೆದುಕೊಳ್ಳುವ ಹಾಗಿಲ್ಲ. ಆದರೆ ನಿಜವಾದ ಹಿಡಿತ ಊರಿಂದೂರಿಗೆ ಬೇರೆ. ಶರಾವತಿ ಹಿನ್ನೀರಿನ ಲಾಂಚ್‌ಗಳನ್ನು ಓಡಿಸಿಕೊಂಡು ಬಂದದ್ದು ಬಂದರು ಮತ್ತು ಒಳನಾಡು ಜಲಸಾರಿಗೆ ಇಲಾಖೆ. ಅಳಿವೆಯ ಬಹಳಷ್ಟು ಕಡೆ ಬಂದರು ಅಧಿಕಾರಿಯ ಮಾತು ನಡೆಯುತ್ತದೆ. ಕೆಲವು ಕಡವುಗಳನ್ನು ಸ್ಥಳೀಯ ಸಂಸ್ಥೆಯೇ ಹರಾಜು ಹಾಕುತ್ತದೆ.

ಊಹೆ ಬೇಡ, ಮಾಹಿತಿ ಹಕ್ಕಿನಲ್ಲಿ ಕೇಳಿ. 10 ರೂಪಾಯಿಯ ಅರ್ಜಿ, 30 ದಿನದ ಗಡುವು. ಮೂರೇ ಪ್ರಶ್ನೆ ಸಾಕು: ಈ ಕಡವು ಯಾರ ಸುಪರ್ದಿಯಲ್ಲಿದೆ, ಕಡೆಯ ಸಲ ಹರಾಜಾದದ್ದು ಯಾವಾಗ, ಎಷ್ಟಕ್ಕೆ, ಮತ್ತು ಇಲ್ಲಿ ಸೇತುವೆ ಅಥವಾ ಜೆಟ್ಟಿಯ ಪ್ರಸ್ತಾವ ಯಾವುದಾದರೂ ಇದೆಯೇ. ಜತೆಗೆ ಎರಡೂ ದಡದ ಪಹಣಿ, ಸರ್ವೆ ನಕ್ಷೆ ತೆಗೆಸಿ. ದಾರಿ ‘ಬಿ ಖರಾಬು’ ಅಂತಿದ್ದರೆ ಸಲೀಸು, ಅದು ಸಾರ್ವಜನಿಕರದ್ದು. ಖಾಸಗಿ ಹಿತ್ತಲಿನ ಮೇಲೆ ಹಾದು ಹೋಗುವ ದಾರಿಯಾದರೆ ಆ ಮನೆಯವರ ಹತ್ತಿರ ಇವತ್ತೇ ಮಾತಾಡಿ. ಟೆಂಡರಾದ ಮೇಲೆ ಮಾತಾಡಿದರೆ ಕೋರ್ಟಿನಲ್ಲಿ ಸಿಗುತ್ತಾರೆ.

ಸೇತುವೆಯ ಪ್ರಶ್ನೆ ಯಾಕೆ ಅಂದರೆ, ಸೇತುವೆ ಬರುತ್ತದೆ ಅನ್ನುವ ಒಂದು ಮಾತಿಗೆ ಎಷ್ಟೋ ಜೆಟ್ಟಿಗಳು ನಿಂತುಹೋಗಿವೆ. ಶರಾವತಿ ಹಿನ್ನೀರಿನ ಮೇಲಿನ, ಸಿಗಂದೂರಿನ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆಯಾದದ್ದು 2025ರ ಜುಲೈ 14ರಂದು. ಅಲ್ಲಿಯವರೆಗೆ ತುಮರಿ ಕಡೆಯವರಿಗೆ ಲಾಂಚೇ ಗತಿಯಾಗಿತ್ತು. ಸೇತುವೆಯ ಪ್ರಸ್ತಾವ ಇದೆ ಅಂತ ಉತ್ತರ ಬಂದರೆ ಟೆಂಡರ್ ಆಗಿದೆಯೇ ಅಂತ ಮರುಪ್ರಶ್ನೆ ಹಾಕಿ. ಆಗಿಲ್ಲದಿದ್ದರೆ ನಿಮ್ಮ ಅರ್ಜಿ ಮುಂದುವರಿಯಲಿ.

2. ತಲೆ ಎಣಿಸಿ

ದಿನಾ ಸಾವಿರಾರು ಜನ ಓಡಾಡುತ್ತಾರೆ ಅಂತ ಬರೆದರೆ ಯಾವ ಎಂಜಿನಿಯರೂ ನಂಬುವುದಿಲ್ಲ. ಒಂದು ಸಾಮಾನ್ಯ ವಾರದ ದಿನ, ಒಂದು ಸಂತೆ ದಿನ, ಮಳೆಗಾಲದ ಒಂದು ದಿನ ಕಡವಿನಲ್ಲಿ ಇಬ್ಬರನ್ನು ಕೂರಿಸಿ ಎಣಿಸಿ. ಬೆಳಗಿನ ಮೊದಲ ದೋಣಿಯಿಂದ ರಾತ್ರಿಯ ಕೊನೇ ದೋಣಿವರೆಗೆ. ನೋಟ್‌ಬುಕ್ಕಿನಲ್ಲಿ ಕಾಲಂ ಎಳೆಯಿರಿ: ಹೊತ್ತು, ಗಂಡಸರು, ಹೆಂಗಸರು, ಶಾಲಾ ಮಕ್ಕಳು, ಬೈಕು, ಮೀನಿನ ಬುಟ್ಟಿ. ಬುಟ್ಟಿಯನ್ನು ಬಿಡಬೇಡಿ. ಮೀನು ಮಾರುವ ಹೆಂಗಸರು ಬುಟ್ಟಿ ಸಮೇತ ಹತ್ತುವ ಕಡೆ ಮೆಟ್ಟಿಲಿನ ಎತ್ತರ, ಅಗಲ ಎಲ್ಲ ಬದಲಾಗುತ್ತದೆ.

ಇನ್ನೊಂದು ಲೆಕ್ಕ ಇದಕ್ಕಿಂತ ಮುಖ್ಯ: ಈಗ ರಸ್ತೆಯಲ್ಲಿ ಸುತ್ತಿ ಹೋಗುತ್ತಿರುವವರಲ್ಲಿ ಎಷ್ಟು ಜನ ಒಳ್ಳೆ ಜೆಟ್ಟಿ ಇದ್ದರೆ ದೋಣಿಗೆ ಬಂದಾರು? ಇದನ್ನು ಕಡವಿನಲ್ಲಿ ಕೇಳಿ ಪ್ರಯೋಜನವಿಲ್ಲ, ಬಸ್ ಸ್ಟಾಪಿನಲ್ಲಿ ಕೇಳಬೇಕು.

3. ಜಾಗ ಆರಿಸುವುದು

ನಿಮ್ಮ ಊರಿನ ಹಳೇ ದೋಣಿಯವರನ್ನು ಜತೆಗೆ ಕರೆದುಕೊಳ್ಳಿ. ಅಮಾವಾಸ್ಯೆ ಅಥವಾ ಹುಣ್ಣಿಮೆಯ ಆಸುಪಾಸಿನಲ್ಲಿ, ಪೂರ್ತಿ ಇಳಿತದ ಹೊತ್ತಿಗೆ ನೀರಿಗಿಳಿಯಿರಿ. ಬಿದಿರಿನ ಗಳಕ್ಕೆ ಅರ್ಧರ್ಧ ಮೀಟರಿಗೊಂದು ಬಟ್ಟೆಚೂರು ಕಟ್ಟಿ, ದಡದಿಂದ ಒಂದೊಂದೇ ಮಾರು ಮುಂದೆ ಹೋಗುತ್ತಾ ಊರಿ ನೋಡಿ. ಗಳ ಮೆತ್ತಗೆ ಇಳಿದರೆ ಹೂಳು, ಟಕ್ ಅಂದರೆ ಕಲ್ಲು ಅಥವಾ ಗಟ್ಟಿ ಮರಳು. ಅದೇ ಜಾಗದಲ್ಲಿ ಪೂರ್ತಿ ಉಬ್ಬರದ ಹೊತ್ತಿಗೂ ಅಳೆಯಿರಿ. ಮಂಗಳೂರಿನ ಕಡೆ ಎರಡರ ನಡುವಿನ ವ್ಯತ್ಯಾಸ ಸುಮಾರು ಒಂದೂವರೆ ಮೀಟರಿನವರೆಗೆ ಹೋಗುತ್ತದೆ. ಅಷ್ಟೆತ್ತರದ ವ್ಯತ್ಯಾಸಕ್ಕೆ ಒಂದೇ ಮಟ್ಟದ ಕಾಂಕ್ರೀಟ್ ಕಟ್ಟೆ ಕಟ್ಟಿದರೆ ಬೆಳಿಗ್ಗೆ ದೋಣಿಗೆ ಹೆಜ್ಜೆಯಿಟ್ಟವರು ಸಂಜೆ ಹಾರಬೇಕಾಗುತ್ತದೆ. ವಯಸ್ಸಾದವರ ಗತಿ ಏನು?

ಇದಕ್ಕೆ ಎರಡು ದಾರಿ. ಒಂದು, ಅಗಲದ ಮೆಟ್ಟಿಲುಗಳಿರುವ ಕಟ್ಟೆ. ಅಗ್ಗ, ಆದರೆ ಪಾಚಿ ಕಟ್ಟುತ್ತದೆ. ಇನ್ನೊಂದು, ನೀರಿನ ಜತೆಗೇ ಏರಿಳಿಯುವ ತೇಲುವ ಜೆಟ್ಟಿ. ಕೊಚ್ಚಿಯ ವಾಟರ್ ಮೆಟ್ರೊ ಅನ್ನುವ ದೋಣಿ ಸಾರಿಗೆಯಲ್ಲಿ ಇರುವುದು ಇದೇ. ಅಲ್ಲಿ ತೇಲುವ ಕಟ್ಟೆಯೂ ದೋಣಿಯ ಅಟ್ಟವೂ ಒಂದೇ ಮಟ್ಟದಲ್ಲಿರುವುದರಿಂದ ಗಾಲಿಕುರ್ಚಿಯನ್ನು ತಳ್ಳಿಕೊಂಡೇ ಹೋಗಬಹುದು. ದುಡ್ಡು ಜಾಸ್ತಿ, ನಿಜ. ಎಣಿಕೆಯಲ್ಲಿ ವಯಸ್ಸಾದವರು, ಮಕ್ಕಳು ಹೆಚ್ಚಿದ್ದರೆ ಇದನ್ನೇ ಕೇಳಿ. ಹಿನ್ನೀರಿನ ಕಥೆ ಬೇರೆ. ಅಲ್ಲಿ ಬೇಸಿಗೆಯಲ್ಲಿ ನೀರು ಎಷ್ಟು ಹಿಂದೆ ಸರಿಯುತ್ತದೆಂದರೆ ಲಾಂಚಿಗೆ ವಾಹನ ಹತ್ತಿಸುವುದನ್ನೇ ನಿಲ್ಲಿಸಬೇಕಾಗುತ್ತದೆ. ಅಂಥ ಕಡೆ ಕಟ್ಟೆಗಿಂತ ಉದ್ದದ ಇಳಿಜಾರು ವಾಸಿ.

ಕಾಂಡ್ಲಾ, ಅಂದರೆ ಮ್ಯಾಂಗ್ರೋವ್ ಗಿಡಗಳು ಇರುವ ಜಾಗದಿಂದ ದೂರ ಇರಿ. ಕರಾವಳಿ ನಿಯಂತ್ರಣ ವಲಯದ, ಅಂದರೆ ಸಿಆರ್‌ಜೆಡ್‌ನ ನಿಯಮದಲ್ಲಿ ಕಾಂಡ್ಲಾ ಕಾಡಿಗೆ ಎಲ್ಲಕ್ಕಿಂತ ಬಿಗಿಯಾದ ರಕ್ಷಣೆ ಇದೆ. ಅದು 1,000 ಚದರ ಮೀಟರಿಗಿಂತ ದೊಡ್ಡದಾಗಿದ್ದರೆ ಸುತ್ತ 50 ಮೀಟರ್ ಜಾಗವನ್ನೂ ಬಿಡಬೇಕು.

ಬಸ್ ಸ್ಟಾಪು ಹತ್ತಿರ ಇರಲಿ. ಇಷ್ಟು ಹೇಳಿದರೆ ಸಾಕು ಅಲ್ವಾ.

4. ಎರಡೂ ದಡದಲ್ಲಿ ಠರಾವು

ಒಂದೇ ಕೈಯಿಂದ ಚಪ್ಪಾಳೆ ಆಗದು. ಒಂದು ದಡ ಗ್ರಾಮ ಪಂಚಾಯಿತಿ, ಇನ್ನೊಂದು ದಡ ಪುರಸಭೆ ಅಂತಿರುವ ಕಡೆ ಒಬ್ಬರು ಕಟ್ಟಿ, ಇನ್ನೊಬ್ಬರು ಕಟ್ಟದೆ ಕುಳಿತರೆ ಜೆಟ್ಟಿ ಗಾಳ ಹಾಕುವವರಿಗಷ್ಟೇ ಉಪಯೋಗ.

ಗ್ರಾಮ ಪಂಚಾಯಿತಿಯ ಕಡೆ ವಾರ್ಡ್ ಸಭೆಯಿಂದ ಶುರು ಮಾಡಿ. ಅಲ್ಲಿಂದ ಗ್ರಾಮಸಭೆ. ಇದು ಆರು ತಿಂಗಳಿಗೊಮ್ಮೆಯಾದರೂ ನಡೆಯಲೇಬೇಕು. ಮುಂದಿನ ವರ್ಷದ ಗ್ರಾಮ ಪಂಚಾಯಿತಿ ಅಭಿವೃದ್ಧಿ ಯೋಜನೆ ತಯಾರಾಗುವುದು ಅಕ್ಟೋಬರ್ ಆಸುಪಾಸಿನಿಂದ. ಮಾರ್ಚಿನಲ್ಲಿ ಹೋಗಿ ಕೇಳಿದರೆ ಕ್ರಿಯಾ ಯೋಜನೆ ಮುಗಿದಿದೆ ಅನ್ನುತ್ತಾರೆ, ಅವರದ್ದು ತಪ್ಪೂ ಅಲ್ಲ. ಬಾಯಿ ಮಾತಿನಲ್ಲಿ ಒಪ್ಪಿದರೆ ಸಾಲದು. ನಡಾವಳಿ ಪುಸ್ತಕದಲ್ಲಿ ಬರೆದು ಓದಿ ಹೇಳಿಸಿ, ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಹತ್ತಿರ ದೃಢೀಕೃತ ಪ್ರತಿ ತೆಗೆದುಕೊಳ್ಳಿ. ಪುರಸಭೆಯ ಕಡೆ ವಾರ್ಡಿನ ಸದಸ್ಯರ ಮೂಲಕ ಸಾಮಾನ್ಯ ಸಭೆಯ ಅಜೆಂಡಾಕ್ಕೆ ಸೇರಿಸಿ.

ಠರಾವಿನಲ್ಲಿ ಮೂರು ವಾಕ್ಯ ಇರಲೇಬೇಕು. ಜೆಟ್ಟಿಯ ಆಸ್ತಿ ಯಾರ ಹೆಸರಿಗೆ. ದೋಣಿ ಯಾರು ಓಡಿಸುತ್ತಾರೆ. ಟಿಕೆಟ್ ದುಡ್ಡು ಸಾಲದೆ ಹೋದರೆ ಕೊರತೆ ಯಾರು ತುಂಬುತ್ತಾರೆ. ಮೂರನೆಯದನ್ನು ಬರೆಯಲು ಹೊರಟಾಗ ಸಭೆಯಲ್ಲಿ ಗಲಾಟೆ ಶುರುವಾಗುತ್ತದೆ. ಆಗಲಿ, ಈಗಲೇ ಆಗಲಿ.

5. ಕಟ್ಟುವ ದುಡ್ಡು

ಒಂದೇ ಕಡೆಯಿಂದ ಪೂರ್ತಿ ಹಣ ಬರುವುದು ಅಪರೂಪ. ಕೆಲಸವನ್ನು ಒಡೆದು ಒಂದೊಂದು ತುಂಡಿಗೆ ಒಂದೊಂದು ಬಾಬ್ತು ಹುಡುಕಿ.

ಪಂಚಾಯಿತಿಗೆ ಹಣಕಾಸು ಆಯೋಗದ ಅನುದಾನ ಬರುತ್ತದೆ. 15ನೇ ಆಯೋಗದ 2021–26ರ ಅವಧಿಯಲ್ಲಿ ಅದರ ಶೇ 60ರಷ್ಟನ್ನು ಕುಡಿಯುವ ನೀರು, ನೈರ್ಮಲ್ಯಕ್ಕೇ ಬಳಸಬೇಕಿತ್ತು, ಉಳಿದ ಶೇ 40 ಪಂಚಾಯಿತಿಯ ಇಷ್ಟಕ್ಕೆ. ಹೊಸ ಅವಧಿಯ ಲೆಕ್ಕ ಪಿಡಿಒ ಹತ್ತಿರ ಕೇಳಿಕೊಳ್ಳಿ. ಕಡವಿನ ಶೌಚಾಲಯ, ನಲ್ಲಿಯನ್ನು ಮೊದಲ ಬಾಬ್ತಿನಲ್ಲಿ, ದಾರಿ, ತಂಗುದಾಣ, ದೀಪವನ್ನು ಎರಡನೆಯದರಲ್ಲಿ ಹಾಕಿಸುವುದು ಜಾಣತನ.

ಕಟ್ಟೆಗೆ ಶಾಸಕರ ಪ್ರದೇಶಾಭಿವೃದ್ಧಿ ನಿಧಿ ಇದೆ. ಕರ್ನಾಟಕದಲ್ಲಿ ವರ್ಷಕ್ಕೆ 2 ಕೋಟಿ. ಸಂಸದರದ್ದು ವರ್ಷಕ್ಕೆ 5 ಕೋಟಿ. ಇಡೀ ಕ್ಷೇತ್ರ ಇದರ ಮೇಲೆ ಕಣ್ಣಿಟ್ಟಿರುತ್ತದೆ, ಹಾಗಾಗಿ ಪೂರ್ತಿ ಕೇಳಬೇಡಿ, ಒಂದು ದಡದ ಕಟ್ಟೆ ಕೇಳಿ. ದೊಡ್ಡ ಕೆಲಸವಾದರೆ ನಬಾರ್ಡ್‌ನ ಗ್ರಾಮೀಣ ಮೂಲಸೌಕರ್ಯ ನಿಧಿಯಿಂದ ರಾಜ್ಯ ಸರ್ಕಾರ ಸಾಲ ತರಬಹುದು. ಕೇಂದ್ರದ ಬಂದರು ಅಭಿವೃದ್ಧಿ ಯೋಜನೆಯಾದ ಸಾಗರಮಾಲಾದಲ್ಲೂ ಪ್ರಯಾಣಿಕರ ಜೆಟ್ಟಿಗಳಿಗೆ ನೆರವು ಇದೆ. ಇವೆರಡಕ್ಕೂ ನೀವು ನೇರ ಅರ್ಜಿ ಹಾಕುವಂತಿಲ್ಲ. ಪ್ರಸ್ತಾವ ಹೋಗಬೇಕಾದದ್ದು ಬಂದರು ಇಲಾಖೆ, ಕರ್ನಾಟಕ ಜಲಸಾರಿಗೆ ಮಂಡಳಿಯ ಮೂಲಕ. ಮಂಗಳೂರಿನ ನೇತ್ರಾವತಿ, ಗುರುಪುರ ನದಿಗಳ ವಾಟರ್ ಮೆಟ್ರೊ ಪ್ರಸ್ತಾವವೂ ಇದೇ ಮಂಡಳಿಯದ್ದು. ನಿಮ್ಮ ಕಡವು ಆ ದಾರಿಯಲ್ಲಿದ್ದರೆ ತಲೆ ಎಣಿಸಿದ ನೋಟ್‌ಬುಕ್ಕಿನ ಪ್ರತಿಯನ್ನು ಅವರಿಗೂ ಕಳಿಸಿ.

ಮೀನುಗಾರಿಕೆಯ ಬಾಬ್ತಿನಲ್ಲಿ ಕಟ್ಟಿಸಿ ಪ್ರಯಾಣಿಕರಿಗೆ ಬಳಸೋಣ ಅನ್ನುವ ಸಲಹೆ ಯಾರಾದರೂ ಕೊಡುತ್ತಾರೆ. ಒಪ್ಪಬೇಡಿ. ನಸುಕಿನಲ್ಲಿ ಮೀನಿನ ದೋಣಿ ಬಂದು ಕಟ್ಟೆ ತುಂಬಾ ಐಸು, ಬಲೆ ಬಿದ್ದಿರುವಾಗ ಏಳೂವರೆಗೆ ಕಾಲೇಜಿಗೆ ಹೋಗುವ ಹುಡುಗಿ ಎಲ್ಲಿ ನಿಲ್ಲಬೇಕು?

6. ನಡೆಸುವ ದುಡ್ಡು

ಮೇಲಿನ ಎಲ್ಲ ಬಾಬ್ತುಗಳಲ್ಲಿ ಒಂದು ಸಾಮ್ಯ ಇದೆ. ಕಟ್ಟೋಕೆ ಕೊಡುತ್ತಾರೆ, ಡೀಸೆಲಿಗೆ ಕೊಡುವುದಿಲ್ಲ. ಶಾಸಕರ, ಸಂಸದರ ನಿಧಿ ಇರುವುದು ಬಾಳಿಕೆ ಬರುವ ಆಸ್ತಿಗೆ ಮಾತ್ರ.

ಒಂದು ಕಾಲ್ಪನಿಕ ಲೆಕ್ಕ ಹಾಕೋಣ. ದಿನಕ್ಕೆ ಇನ್ನೂರು ಜನ ಹೋಗಿ ಬರುತ್ತಾರೆ, ಅಂದರೆ 400 ಟಿಕೆಟ್. ಒಂದಕ್ಕೆ 10 ರೂಪಾಯಿಯಂತೆ 4,000. ತಿಂಗಳಿಗೆ 26 ದಿನ ಹಿಡಿದರೆ 1,04,000. ಖರ್ಚು ನೋಡಿ. ದಿನಕ್ಕೆ 20 ಲೀಟರ್ ಡೀಸೆಲು, ಲೀಟರಿಗೆ 90 ಅಂದರೆ ತಿಂಗಳಿಗೆ 46,800. ದೋಣಿ ನಡೆಸುವ ಸ್ರಾಂಗು, ಎಂಜಿನ್ ನೋಡುವವರು, ಹಗ್ಗ ಹಿಡಿಯುವವರು, ಮೂವರಿಗೆ 18,000ದಂತೆ 54,000. ಒಟ್ಟು 1,00,800. ಕೈಯಲ್ಲಿ ಉಳಿದದ್ದು 3,200. ಅಬ್ಬಾ, ಲಾಭ ಅಂದುಕೊಳ್ಳುವಷ್ಟರಲ್ಲಿ ಶಾಲಾ ಮಕ್ಕಳಿಗೆ ಅರ್ಧ ಟಿಕೆಟ್ ಮಾಡಿ ಅಂತ ಒತ್ತಾಯ ಬರುತ್ತದೆ. ನ್ಯಾಯವೇ. 400ರಲ್ಲಿ 150 ಟಿಕೆಟ್ ಮಕ್ಕಳದ್ದಾದರೆ ತಿಂಗಳಿಗೆ 19,500 ಕಮ್ಮಿ. ಈಗ 16,300 ಕೊರತೆ, ವರ್ಷಕ್ಕೆ ಎರಡು ಲಕ್ಷದ ಹತ್ತಿರ. ವಿಮೆ, ವರ್ಷಕ್ಕೊಮ್ಮೆ ದೋಣಿ ಮೇಲೆಳೆದು ಮಾಡುವ ರಿಪೇರಿ, ಹೂಳೆತ್ತುವುದು ಇದರಲ್ಲಿ ಸೇರಿಲ್ಲ. ನೆರೆ ಬಂದ ದಿನ ದೋಣಿ ನಿಲ್ಲುತ್ತದೆ, ಸಂಬಳ ನಿಲ್ಲುವುದಿಲ್ಲ.

ನಿಮ್ಮ ಊರಿನ ಅಂಕಿ ಹಾಕಿ ಇದೇ ಲೆಕ್ಕ ಮಾಡಿ ಠರಾವಿಗೆ ಲಗತ್ತಿಸಿ. ಕೊರತೆಯನ್ನು ಎರಡು ದಡದವರು ಹಂಚಿಕೊಳ್ಳುತ್ತಾರೋ, ತಂಗುದಾಣದ ಅಂಗಡಿ ಬಾಡಿಗೆ, ಪಾರ್ಕಿಂಗ್, ಜಾಹೀರಾತಿನಿಂದ ಸ್ವಲ್ಪ ತುಂಬುತ್ತದೋ ಬರೆಯಿರಿ. ಹರಾಜಿನಲ್ಲಿ ಯಾರು ಹೆಚ್ಚು ಕೊಡುತ್ತಾರೋ ಅವರಿಗೆ ಕಡವು ಅನ್ನುವ ಹಳೇ ಪದ್ಧತಿ ನನಗೆ ಸರಿ ಕಾಣುವುದಿಲ್ಲ. ಹೆಚ್ಚು ಕೊಟ್ಟು ಹಿಡಿದವರು ಅದನ್ನು ಹೆಚ್ಚು ಜನ ತುಂಬಿಯೇ ತೆಗೆಯುತ್ತಾರೆ. 2019ರ ಜನವರಿ 21ರಂದು ಕಾರವಾರದ ಕೂರ್ಮಗಡ ಜಾತ್ರೆಯಿಂದ ವಾಪಸಾಗುತ್ತಿದ್ದ ದೋಣಿ ಮಗುಚಿ 16 ಜನ ಸತ್ತರು. 2023ರ ಮೇ 7ರಂದು ಕೇರಳದ ತಾನೂರಿನಲ್ಲಿ 22 ಜನ. ಎರಡರಲ್ಲೂ ದೋಣಿಯಲ್ಲಿ ಮಿತಿ ಮೀರಿ ಜನ ಇದ್ದರು. ಟಿಕೆಟ್ ದರ, ಟ್ರಿಪ್ಪಿನ ಸಂಖ್ಯೆ, ಜನರ ಮಿತಿ ನೀವೇ ಗೊತ್ತು ಮಾಡಿ, ಅದನ್ನು ಕಮ್ಮಿ ನೆರವಿನಲ್ಲಿ ಯಾರು ಓಡಿಸಿಕೊಡುತ್ತಾರೆ ಅಂತ ಟೆಂಡರ್ ಕರೆಯುವುದು ಮೇಲು.

ದೋಣಿ ಎರಡು ಬೇಕು, ಇಲ್ಲವೇ ಒಂದು ಕೆಟ್ಟಾಗ ಬಾಡಿಗೆಗೆ ಇನ್ನೊಂದು ತರುವ ಕರಾರು ಬೇಕು. ಕೊಚ್ಚಿಯ ಫೋರ್ಟ್ ಕೊಚ್ಚಿ–ವೈಪಿನ್ ನಡುವಿನ, ವಾಹನಗಳನ್ನೂ ಹತ್ತಿಸಿಕೊಳ್ಳುವ ರೋ-ರೋ ದೋಣಿಗಳು ಅಲ್ಲಿನ ಮಹಾನಗರ ಪಾಲಿಕೆಯದ್ದೇ, ಓಡಿಸುವುದು ಕೇರಳ ಸರ್ಕಾರದ ಒಳನಾಡು ಜಲಸಾರಿಗೆ ನಿಗಮ. ಇದ್ದ ಎರಡರಲ್ಲಿ ಒಂದು ರಿಪೇರಿಗೆ ಹೋದಾಗೆಲ್ಲ ದಡದಲ್ಲಿ ವಾಹನಗಳ ಸಾಲು ಬೆಳೆದು, ಕಡೆಗೆ ಮೂರನೆಯದು ಬೇಕು ಅನ್ನುವಲ್ಲಿಗೆ ಬಂತು. ಅದೇ ಊರಿನ ವಾಟರ್ ಮೆಟ್ರೊ 1,137 ಕೋಟಿಯ ಯೋಜನೆ. ಜರ್ಮನಿಯ ಕೆಎಫ್‌ಡಬ್ಲ್ಯು ಬ್ಯಾಂಕಿನ ಸಾಲ ಇದೆ, ಕಂಪನಿಯಲ್ಲಿ ರಾಜ್ಯ ಸರ್ಕಾರದ ಪಾಲು ಶೇ 74, ಕೊಚ್ಚಿ ಮೆಟ್ರೊದ್ದು ಶೇ 26. 38 ಟರ್ಮಿನಲ್, 78 ದೋಣಿ ಅಂತ ಯೋಜನೆ. 2023ರ ಏಪ್ರಿಲ್ 25ರಂದು ಉದ್ಘಾಟನೆಯಾದರೂ ದೋಣಿಗಳು ಬರುವುದು ತಡವಾಗಿ ಮಾರ್ಗಗಳು ಒಂದೊಂದಾಗಿ ಶುರುವಾದವು. ಅಷ್ಟು ದೊಡ್ಡವರಿಗೇ ಹೀಗಾದರೆ ನಮ್ಮ ಪಂಚಾಯಿತಿಯ ಪಾಡೇನು? ಹಾಗಾಗಿ ಜೆಟ್ಟಿಯ ಎಸ್ಟಿಮೇಟಿನ ಜತೆಗೇ ದೋಣಿಯ ಎಸ್ಟಿಮೇಟೂ ಹೋಗಲಿ.

7. ಅನುಮತಿಗಳು

ಅಳಿವೆಯಲ್ಲಾದರೆ ಸಿಆರ್‌ಜೆಡ್ ಅನುಮತಿ ಬೇಕು. ಅರ್ಜಿ ಜಿಲ್ಲೆಯ ಪರಿಸರ ಇಲಾಖೆಯ ಪ್ರಾದೇಶಿಕ ನಿರ್ದೇಶಕರ ಕಚೇರಿಯ ಮೂಲಕ ಮೇಲೆ ಹೋಗುತ್ತದೆ. ಉಬ್ಬರದ ಗೆರೆ ಗುರುತಿಸಿದ ನಕ್ಷೆಗೆ ಖರ್ಚಾಗುತ್ತದೆ, ಎಸ್ಟಿಮೇಟಿನಲ್ಲೇ ಸೇರಿಸಿ. ಹಿನ್ನೀರಾದರೆ ಅಣೆಕಟ್ಟಿನವರ ಮತ್ತು ಅರಣ್ಯ ಇಲಾಖೆಯ ಒಪ್ಪಿಗೆ. ದೋಣಿಗೆ 2021ರ ಒಳನಾಡು ಹಡಗುಗಳ ಕಾಯ್ದೆಯಂತೆ ಸರ್ವೆ ಪ್ರಮಾಣಪತ್ರ, ನೋಂದಣಿ, ವಿಮೆ, ಓಡಿಸುವವರಿಗೆ ಪ್ರಮಾಣಪತ್ರ. 1917ರ ಹಳೇ ಕಾಯ್ದೆಯ ಕಾಗದ ತೋರಿಸಿ ನಡೆಯುತ್ತೆ ಅನ್ನುವವರನ್ನು ನಂಬಬೇಡಿ.

8. ಟೆಂಡರ್ ಮತ್ತು ಹಸ್ತಾಂತರ

ಆಡಳಿತಾತ್ಮಕ ಮಂಜೂರಾತಿ, ತಾಂತ್ರಿಕ ಮಂಜೂರಾತಿ, ಆಮೇಲೆ ಕೆಟಿಪಿಪಿ, ಅಂದರೆ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆಯ ಕಾಯ್ದೆಯಂತೆ ಟೆಂಡರ್. ಇದು ಇಲಾಖೆಯ ಕೆಲಸ, ನಿಮ್ಮದು ವಿಚಾರಿಸುತ್ತಿರುವುದು. ಕಾಮಗಾರಿ ಮಳೆಗಾಲ ಮುಗಿದ ಕೂಡಲೇ ಶುರುವಾಗುವಂತೆ ನೋಡಿಕೊಳ್ಳಿ. ಏಪ್ರಿಲ್‌ನಲ್ಲಿ ಕಾರ್ಯಾದೇಶ ಕೊಟ್ಟರೆ ಜೂನ್ ಹೊತ್ತಿಗೆ ಅರ್ಧ ಕಂಬ ನೀರಿನಲ್ಲಿ ನಿಂತಿರುತ್ತದೆ.

ಕೆಲಸ ಮುಗಿದ ದಿನ ರಿಬ್ಬನ್ ಕತ್ತರಿಸುವ ಮುಂಚೆ ಹಸ್ತಾಂತರ ಪತ್ರಕ್ಕೆ ಸಹಿ ಹಾಕಿಸಿ. ಜೆಟ್ಟಿ ಪಂಚಾಯಿತಿಯ ಆಸ್ತಿ ವಹಿಗೆ ಸೇರಿತೇ, ಲೈಫ್ ಜಾಕೆಟ್ ಎಷ್ಟು, ಎಲ್ಲಿ ಇಟ್ಟಿದ್ದಾರೆ, ಗುತ್ತಿಗೆದಾರರು ಎಷ್ಟು ವರ್ಷ ದುರಸ್ತಿಗೆ ಹೊಣೆ, ಕಡವಿನ ದೀಪದ ಕರೆಂಟ್ ಮೀಟರ್ ಯಾರ ಹೆಸರಿನಲ್ಲಿದೆ, ಎಲ್ಲ ಅದರಲ್ಲಿ ಇರಲಿ. ಮೀಟರ್ ಗುತ್ತಿಗೆದಾರರ ಹೆಸರಿನಲ್ಲೇ ಉಳಿದರೆ ಬಿಲ್ ಕಟ್ಟುವವರಿಲ್ಲದೆ ಮೂರನೇ ತಿಂಗಳಿಗೆ ಫ್ಯೂಸ್ ಕಿತ್ತುಕೊಂಡು ಹೋಗುತ್ತಾರೆ.